ಹಿಡಿದದ್ದನ್ನು ಬಿಡುವ ಹೃದಯ: ಮಗಳಿಗೊಂದು ಪತ್ರ

ಮಾಟುಂಗಾ, ಮುಂಬೈ

ಪುಟ್ಟೀ,

ಅಡ್ರಿನಲಿನ್ ಹಾರ್ಮೋನು ಬಂದರೆ ಹೃದಯ ಜೋರಾಗಿ ಹಿಂಡುತ್ತದೆ ಸರಿ, ಬೇಗ ಸಡಿಲವಾಗುವುದೂ ಯಾಕೆ ಅಂತ ಕೇಳಿದೆಯಲ್ಲ, ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು.

ಅಲ್ಲೇ ಪುಣೆಯ ಪರ್ವತಿ ಮೆಟ್ಟಿಲು ನೆನೆಸಿಕೋ. ಕೆಳಗೆ ನಿಂತಾಗ ನಿಮಿಷಕ್ಕೆ 75 ಬಡಿತ, ಒಂದೊಂದಕ್ಕೆ 0.8 ಸೆಕೆಂಡು. ಓಡಿ ಹತ್ತಿ 150 ಆಯಿತೆನ್ನು, ಸಿಗುವುದು 0.4 ಸೆಕೆಂಡು. ಅಷ್ಟರಲ್ಲಿ ಹಿಂಡಬೇಕು, ಸಡಿಲಾಗಬೇಕು, ರಕ್ತ ತುಂಬಿಕೊಳ್ಳಬೇಕು. ತುಂಬದ ಹೃದಯ ಎಷ್ಟು ಹಿಂಡಿದರೇನು?

ಹೃದಯದ ಕೋಶಕ್ಕೆ ಹಿಂಡು ಅಂತ ಹೇಳುವುದು ಕ್ಯಾಲ್ಸಿಯಂ. ಕೋಶದ ಪೊರೆಯಲ್ಲಿರುವ ಬಾಗಿಲು, ಅಂದರೆ ಎಲ್-ಟೈಪ್ ಚಾನೆಲ್ಲಿನಿಂದ ಒಳಬರುವುದು ಸ್ವಲ್ಪವೇ. ಕೋಶದೊಳಗೆ ಕ್ಯಾಲ್ಸಿಯಂ ಕೂಡಿಡುವ ಉಗ್ರಾಣವೇ ಸಾರ್ಕೋಪ್ಲಾಸ್ಮಿಕ್ ಜಾಲ. ಒಳಬಂದ ಕ್ಯಾಲ್ಸಿಯಂ ಆ ಜಾಲದ ಬಾಗಿಲಾದ ರಯನೋಡಿನ್ ರಿಸೆಪ್ಟರ್ ತೆರೆಸಿ, ದಾಸ್ತಾನನ್ನು ಹೊರಬಿಡಿಸುತ್ತದೆ. ಕೋಶದ ದ್ರವದಲ್ಲಿ ಕ್ಯಾಲ್ಸಿಯಂ ಸಾಂದ್ರತೆ ಸುಮಾರು 0.1 ಮೈಕ್ರೋಮೋಲಾರ್ ಇದ್ದದ್ದು 1ರ ಆಸುಪಾಸಿಗೆ ಏರುತ್ತದೆ. ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್ ಎಳೆಗಳು ಒಂದನ್ನೊಂದು ಎಳೆದರೆ ಹಿಂಡುವಿಕೆ, ಟ್ರೋಪೋನಿನ್ ಮತ್ತು ಟ್ರೋಪೋಮಯೋಸಿನ್ ಪ್ರೋಟೀನುಗಳು ಅದಕ್ಕೆ ಅಡ್ಡ ಕೂತಿರುತ್ತವೆ. ಟ್ರೋಪೋನಿನ್ ಸಿ ಕ್ಯಾಲ್ಸಿಯಂ ಹಿಡಿದೊಡನೆ ಟ್ರೋಪೋನಿನ್ ಐ ಆಕ್ಟಿನ್ನನ್ನು ಬಿಡುತ್ತದೆ, ಟ್ರೋಪೋಮಯೋಸಿನ್ ಪಕ್ಕಕ್ಕೆ ಸರಿಯುತ್ತದೆ, ಮಯೋಸಿನ್ ತಲೆ ಆಕ್ಟಿನ್ನಿಗೆ ಅಂಟಿಕೊಂಡು ಎಳೆಯುತ್ತದೆ. ಇದು ನಿನಗೆ ಗೊತ್ತಿದೆ.

ನೀನು ಎಡವುವುದು ಹಿಡಿದದ್ದನ್ನು ಬಿಡುವ ಕಡೆ. ಕ್ಯಾಲ್ಸಿಯಮ್ಮನ್ನು ಮತ್ತೆ ಜಾಲಕ್ಕೆ ತುಂಬುವುದು ಸರ್ಕಾ ಎಂಬ ಪಂಪು, ಕೋಶದ ಇಂಧನವಾದ ಎಟಿಪಿಯ ಒಂದು ಅಣುವಿಗೆ ಎರಡು ಕ್ಯಾಲ್ಸಿಯಂ ಅಯಾನು. ಮನುಷ್ಯನ ಹೃದಯದಲ್ಲಿ ಸುಮಾರು 70 ಶೇಕಡಾ ಕೆಲಸ ಇದರದ್ದೇ. ಉಳಿದದ್ದನ್ನು ಬಹುಪಾಲು ಸೋಡಿಯಂ-ಕ್ಯಾಲ್ಸಿಯಂ ಎಕ್ಸ್‌ಚೇಂಜರ್ ಕೋಶದಿಂದ ಹೊರಹಾಕುತ್ತದೆ. ಸರ್ಕಾದ ಮೇಲೆ ಫಾಸ್ಫೊಲ್ಯಾಂಬನ್ ಎಂಬ ಪುಟ್ಟ ಪ್ರೋಟೀನ್ ಬ್ರೇಕು ಹಾಕಿ ಕೂತಿರುತ್ತದೆ. ಅಡ್ರಿನಲಿನ್ ಎಬ್ಬಿಸಿದ ಪಿಕೆಎ ಎಂಬ ಕಿಣ್ವ ಅದರ 16ನೇ ಅಮೈನೋ ಆಮ್ಲವಾದ ಸೀರಿನ್ನಿಗೆ ಫಾಸ್ಫೇಟ್ ಅಂಟಿಸಿದರೆ ಬ್ರೇಕು ಬಿಡುತ್ತದೆ. ಅದೇ ಪಿಕೆಎ ಟ್ರೋಪೋನಿನ್ ಐನ 23, 24ನೇ ಸೀರಿನ್ನಿಗೂ ಫಾಸ್ಫೇಟ್ ಹಾಕುತ್ತದೆ. ಟ್ರೋಪೋನಿನ್ ಸಿಯ ಹಿಡಿತ ಸಡಿಲಾಗಿ ಕ್ಯಾಲ್ಸಿಯಂ ಬೇಗ ಕಳಚಿಕೊಳ್ಳುತ್ತದೆ.

ಹಾಗಾದರೆ ಬಲ ಕುಗ್ಗಬೇಕಲ್ಲ ಅಂತೀಯ. ಇಲ್ಲ ಕಣೇ. ಎಲ್-ಟೈಪ್ ಚಾನೆಲ್ಲಿನಿಂದ ಬರುವ ಕ್ಯಾಲ್ಸಿಯಮ್ಮೂ ಈಗ ಹೆಚ್ಚು. ಸರ್ಕಾ ಅದನ್ನು ಬೇಗ ಬೇಗ ಬಾಚಿ ಜಾಲಕ್ಕೆ ತುಂಬಿದಷ್ಟೂ ಮುಂದಿನ ಬಡಿತಕ್ಕೆ ದಾಸ್ತಾನು ದೊಡ್ಡದು. ಈ ಬಡಿತವನ್ನು ಸಡಿಲಿಸಿದ ಪಂಪೇ ಮುಂದಿನದಕ್ಕೆ ಬಲ ಕೂಡಿಡುತ್ತದೆ. ಇಡೀ ಪಾಠದಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇದು.

ಹಾರ್ಟ್ ಫೇಲ್ಯೂರಿನಲ್ಲಿ ಸರ್ಕಾ ಸೋತಾಗ ಎರಡೂ ಕೆಡುವುದು ಇದಕ್ಕೇ: ಜಾಲ ಅರೆಖಾಲಿ, ಹಿಂಡುವ ಬಲ ಕಡಿಮೆ, ಕ್ಯಾಲ್ಸಿಯಂ ಜಾಲದ ಹೊರಗೇ ಉಳಿದು ಸಡಿಲಾಗುವುದೂ ನಿಧಾನ. ದಾಸ್ತಾನು ಮಿತಿಮೀರಿದರೂ ಕಷ್ಟ. ಹೃದಯದ ಔಷಧಿ ಡಿಗಾಕ್ಸಿನ್ ಹೆಚ್ಚಾದಾಗ ಜಾಲ ತುಂಬಿ, ಕರೆಯದೆಯೇ ಕ್ಯಾಲ್ಸಿಯಂ ಸುರಿದು ತಾಳ ತಪ್ಪುತ್ತದೆ.

ಪರೀಕ್ಷೆಯಲ್ಲಿ ಚಿತ್ರ ಬರೆಯುವಾಗ ಫಾಸ್ಫೊಲ್ಯಾಂಬನ್ನಿನಿಂದ ಸರ್ಕಾದ ಕಡೆಗೆ ಬಾಣ ಹಾಕಬೇಡ, ತಡೆಯುವ ಅಡ್ಡಗೆರೆ ಹಾಕು. ಫಾಸ್ಫೇಟ್ ಬಂದ ಮೇಲೆ ಆ ಗೆರೆಯನ್ನು ಹೊಡೆದುಹಾಕು.

ನಿನ್ನ ಅಮ್ಮ