ಭಾನುವಾರದ ಪ್ರಾರ್ಥನೆ, ಸಿನಿಮಾ, ಮ್ಯಾಚ್: ಮನೆಮಂದಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಕೋವಿಡ್ ಸೋಂಕು ಇಳಿಯುವ ತನಕ ನಾವೆಲ್ಲ ಒಂದೆಡೆ ಸೇರುವುದು ಬೇಡ, ಹಾಗಾಗಿ ಪ್ರಾರ್ಥನೆ ವಿಡಿಯೊ ಕರೆಯಲ್ಲೇ.

ದಯವಿಟ್ಟು ಎಲ್ಲರೂ ಮೈಕ್ ಆನ್ ಇಟ್ಟು ಒಟ್ಟಿಗೆ ಹಾಡಬೇಡಿ. ದನಿ ಒಂದು ಮನೆಯಿಂದ ಇನ್ನೊಂದಕ್ಕೆ ತಲುಪಲು ಸ್ವಲ್ಪ ತಡವಾಗುತ್ತದೆ, ಇಂಟರ್‌ನೆಟ್ ಎಷ್ಟೇ ಚೆನ್ನಾಗಿದ್ದರೂ ತಾಳ ಕೂಡುವುದಿಲ್ಲ. ಒಬ್ಬರು ಹೇಳಿಕೊಡಲಿ, ಉಳಿದವರು ಮ್ಯೂಟ್ ಮಾಡಿ ಮನೆಯಲ್ಲೇ ದನಿಗೂಡಿಸಿ. ಹೇಳಿಕೊಡುವವರು ಹಿನ್ನೆಲೆ ಸದ್ದು ತಗ್ಗಿಸುವ ಸೆಟ್ಟಿಂಗ್ ಆಫ್ ಮಾಡಲೇಬೇಕು. ಇಲ್ಲದಿದ್ದರೆ ವಾದ್ಯದ ನಾದವನ್ನೂ ಆ್ಯಪ್ ಗದ್ದಲವೆಂದುಕೊಂಡು ನುಂಗಿಬಿಡುತ್ತದೆ. ಒಂದೇ ಕೋಣೆಯಲ್ಲಿ ಎರಡು ಫೋನ್ ಇದ್ದರೆ ಕಿವಿ ಚುಚ್ಚುವ ಕೀರಲು ಏಳುತ್ತದೆ. ಒಂದರಲ್ಲಿ ಮೈಕ್, ಸ್ಪೀಕರ್ ಎರಡೂ ಬಂದ್ ಮಾಡಿ. ಜೂಮ್‌ನ ಉಚಿತ ಖಾತೆಯಲ್ಲಿ ಗುಂಪು ಕರೆ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಹಿರಿಯರ ಆಶೀರ್ವಾದ ಮೊದಲೇ ಆಗಲಿ.

ಸಿನಿಮಾ ಸ್ಕ್ರೀನ್ ಶೇರ್ ಮಾಡಬೇಡಿ. ಹಣ ಕಟ್ಟಿ ನೋಡುವ ಆ್ಯಪ್‌ಗಳಲ್ಲಿ ನಕಲು ತಡೆ ಇರುವುದರಿಂದ ಎದುರಿನವರಿಗೆ ಸಾಮಾನ್ಯವಾಗಿ ಬರೀ ಕಪ್ಪು ಪರದೆ ಕಾಣುತ್ತದೆ. ಅವರವರ ಟಿವಿಯಲ್ಲಿ ಹಾಕಿ, ಆರಂಭದಲ್ಲೇ ಪಾಸ್ ಮಾಡಿ, ಕರೆಯಲ್ಲಿ ಮೂರು ಎಣಿಸಿ ಪ್ಲೇ ಒತ್ತಿ.

ಮ್ಯಾಚ್ ದಿನ ಗುಂಪಿನಲ್ಲಿ ಸ್ಕೋರ್ ಹಾಕಬೇಡಿ. ಮೊಬೈಲ್ ಆ್ಯಪ್‌ನ ನೇರ ಪ್ರಸಾರ ಟಿವಿಗಿಂತ ಹಿಂದೆ ಇರುತ್ತದೆ, ಕಾದು ಕೂತ ಮಕ್ಕಳಿಗೆ ಬಹಳ ಬೇಸರವಾಗುತ್ತದೆ.

ಸೋಂಕಿನಿಂದ ಎದ್ದವರು ಲಕ್ಷಣಗಳೆಲ್ಲ ಹೋಗಿ ಕನಿಷ್ಠ ಒಂದು ವಾರ ಓಟ, ಜಿಮ್ ಬಿಡಿ, ಆಮೇಲೂ ನಡಿಗೆಯಿಂದಲೇ ಶುರು ಮಾಡಿ. ಎದೆನೋವು, ಅಸಹಜ ಎದೆಬಡಿತ, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.