ಓದುವ ಮೇಜಿಗೆ ಎಷ್ಟು ಬೆಳಕು ಬೀಳುತ್ತದೆ ಅಂತ ಕಟ್ಟುವ ಮೊದಲೇ ಲೆಕ್ಕ ಹಾಕಿ

ಸಂಪಾದಕರೇ, ನಮಸ್ಕಾರ.

ನಾನು ಚಿಕ್ಕಮಗಳೂರಿನಲ್ಲಿ 22 ವರ್ಷದಿಂದ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದೇನೆ. ಮನೆ, ಅಂಗಡಿ, ಎಸ್ಟೇಟ್ ಬಂಗಲೆ, ಶಾಲೆ, ಎಲ್ಲ ಕಡೆ ವೈರಿಂಗ್ ಎಳೆದಿದ್ದೇನೆ. ನಮ್ಮ ಕಡೆ ಸಾರ್ವಜನಿಕ ಕಟ್ಟಡಗಳಿಗೆ ಲೈಟು ಹಾಕುವ ರೀತಿ ನೋಡಿ ಬೇಸರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಹಾಕಿ.

ನನ್ನ ಮಗಳು ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಮನೆಯಲ್ಲಿ ಗಲಾಟೆ ಜಾಸ್ತಿ ಅಂತ ದಿನಾ ಸಂಜೆ ಒಂದು ವಾಚನಾಲಯಕ್ಕೆ ಹೋಗುತ್ತಾಳೆ. ಹೊಸ ಕಟ್ಟಡ, ಒಂದು ವರ್ಷ ಆಗಿದೆ ಅಷ್ಟೆ. ಅಲ್ಲಿಂದ ಬಂದ ದಿನವೆಲ್ಲ ತಲೆನೋವು, ಕಣ್ಣು ಕೆಂಪಗೆ. ಮೊದಲು ನಾನು ಮೊಬೈಲ್ ಜಾಸ್ತಿ ನೋಡಿದ್ದಕ್ಕೆ ಹೀಗಾಗಿದೆ ಅಂತ ಬೈದೆ. ಕಣ್ಣಿನ ಡಾಕ್ಟರಿಗೂ ತೋರಿಸಿದೆವು, ನಂಬರ್ ಏನೂ ಇಲ್ಲ ಅಂದರು. ಆಮೇಲೆ ಒಂದು ದಿನ ಕತ್ತಲಾದ ಮೇಲೆ ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದು ನಾನೇ ಅವಳ ಜೊತೆ ಹೋದೆ.

ಕೋಣೆ 30 ಅಡಿ ಉದ್ದ, 23 ಅಡಿ ಅಗಲ. ಫಾಲ್ಸ್ ಸೀಲಿಂಗ್‌ನಲ್ಲಿ 36 ವ್ಯಾಟಿನ 12 ಪ್ಯಾನೆಲ್ ಲೈಟುಗಳು. ಎರಡು ಸಾಲು, ಎರಡೂ ಕೋಣೆಯ ನಟ್ಟನಡುವೆ. ಮೇಜುಗಳು ಮಾತ್ರ ಸುತ್ತಲೂ ಗೋಡೆಗೆ ಒತ್ತಿಕೊಂಡಿವೆ, ನಡುವೆ ಇರುವುದು ಓಡಾಡುವ ಜಾಗ. ಆ ಓಡಾಡುವ ಜಾಗದಲ್ಲಿ ಮೇಜಿನ ಎತ್ತರಕ್ಕೆ ಮೀಟರ್ ಹಿಡಿದರೆ 640 ಲಕ್ಸ್. ಗೋಡೆಬದಿಯ ಮೇಜಿನ ಮೇಲೆ ಇಟ್ಟರೆ 110. ಮಗಳನ್ನು ಕೂರಿಸಿ ಅವಳ ಪುಸ್ತಕದ ಮೇಲೆ ಇಟ್ಟೆ, 70ಕ್ಕೆ ಇಳಿಯಿತು. ಗೋಡೆಗೆ ಮುಖ ಮಾಡಿ ಕೂತರೆ ಲೈಟು ಬೆನ್ನ ಹಿಂದೆ, ಅವಳ ತಲೆಯ ನೆರಳೇ ಪುಸ್ತಕದ ಮೇಲೆ. ಕುರ್ಚಿ ತಿರುಗಿಸಿ ಈ ಕಡೆ ಮುಖ ಮಾಡಿದರೆ ಲೈಟು ಸೀದಾ ಕಣ್ಣಿಗೆ ಕುಕ್ಕುತ್ತದೆ. ನುಣುಪು ಹಾಳೆಯ ಪುಸ್ತಕವಾದರೆ ಅಕ್ಷರದ ಮೇಲೆ ಬಿಳಿ ಹೊಳಪು ಬೇರೆ. ಪಕ್ಕದಲ್ಲಿ ಕೂತಿದ್ದ ಹುಡುಗನೊಬ್ಬ ಮೊಬೈಲ್ ಟಾರ್ಚ್ ಹಾಕಿ, ಅದನ್ನು ಪೆನ್ಸಿಲ್ ಬಾಕ್ಸಿಗೆ ಒರಗಿಸಿಕೊಂಡು ಓದುತ್ತಿದ್ದ. ತಲೆ ಮೇಲೆ 12 ಲೈಟು ಉರಿಯುತ್ತಿವೆ, ಮಕ್ಕಳು ಟಾರ್ಚ್ ಹಾಕಿಕೊಂಡು ಓದುತ್ತಿದ್ದಾರೆ. ನಿಜವಾಗಲೂ ಹೊಟ್ಟೆ ಉರಿಯಿತು.

ಲಕ್ಸ್ ಅಂದರೆ ಕಷ್ಟದ ಮಾತೇನಲ್ಲ. ಲೈಟು ಬಿಡುವ ಬೆಳಕನ್ನು ಲ್ಯೂಮೆನ್‌ನಲ್ಲಿ ಅಳೆಯುತ್ತಾರೆ, ಒಂದು ಚದರ ಮೀಟರ್ ಜಾಗದ ಮೇಲೆ ಎಷ್ಟು ಲ್ಯೂಮೆನ್ ಬೀಳುತ್ತದೆ ಅನ್ನುವ ಲೆಕ್ಕವೇ ಲಕ್ಸ್. ಓದುವ ಮೇಜಿಗೆ ಸುಮಾರು 300 ಲಕ್ಸ್ ಇದ್ದರೆ ಆರಾಮಾಗಿ ಓದಬಹುದು. ಇಲ್ಲಿ ತಮಾಷೆಯಲ್ಲದ ವಿಷಯ ಏನೆಂದರೆ, ಈ ಕೋಣೆಯ ಸರಾಸರಿ ತೆಗೆದರೆ 300 ದಾಟುತ್ತದೆ! ಕಾಗದದ ಮೇಲೆ ಪಾಸು. ನಾವೆಲ್ಲ ಮೊದಲಿನಿಂದ ಮಾಡುತ್ತಾ ಬಂದಿದ್ದು ಅದೇ ಲೆಕ್ಕ. ಕ್ಯಾಲ್ಕುಲೇಟರ್ ಹಿಡಿದು ಒಟ್ಟು ಲ್ಯೂಮೆನ್ ಅನ್ನು ಕೋಣೆಯ ಅಳತೆಯಿಂದ ಭಾಗಿಸಿ, ಒಂದಿಷ್ಟು ಕಳೆದು, ಇಷ್ಟು ಲೈಟು ಸಾಕು ಅಂತ ಬರೆದು ಕೊಡುವುದು. ಯಾವ ಮೂಲೆಗೆ ಎಷ್ಟು ಬೀಳುತ್ತದೆ ಅಂತ ಆ ಲೆಕ್ಕ ಹೇಳುವುದಿಲ್ಲ. ಸರಾಸರಿಯ ಕೆಳಗೆ ಕೂತು ಯಾರೂ ಓದುವುದಿಲ್ಲ, ಓದುವುದು ಮೇಜಿನ ಮುಂದೆ ಅಲ್ವಾ?

ಆದರೆ ಈಗ ಇದನ್ನು ಕಟ್ಟುವ ಮೊದಲೇ ತಿಳಿಯುವ ದಾರಿ ಇದೆ, ಅದೂ ಬಿಟ್ಟಿಯಾಗಿ. ಜರ್ಮನಿಯ ಡಿಯಾಲ್ ಎಂಬ ಸಂಸ್ಥೆ ಮಾಡಿರುವ ಡಯಾಲಕ್ಸ್ ಇವೋ ಅನ್ನುವ ಸಾಫ್ಟ್‌ವೇರನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸ್ವಿಟ್ಜರ್ಲೆಂಡಿನ ರೆಲಕ್ಸ್ ಇದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ 1980ರ ದಶಕದಲ್ಲಿ ಶುರುವಾದ ರೇಡಿಯನ್ಸ್ ಇದೆ, ಅದು ಕಲಿಯುವುದು ಸ್ವಲ್ಪ ಕಷ್ಟ. ದುಡ್ಡು ಕೊಟ್ಟು ತೆಗೆದುಕೊಳ್ಳುವಂಥ ಎಜಿಐ32 ತರಹದವೂ ಇವೆ. ನಾನು ಬಳಸುವುದು ಡಯಾಲಕ್ಸ್. ಕೋಣೆ ಬರೆದು, ಲೈಟಿನ ಕಂಪನಿಯವರು ಕೊಡುವ ಐಇಎಸ್ ಅಥವಾ ಎಲ್‌ಡಿಟಿ ಫೈಲು ಹಾಕಿದರೆ ಮೇಜಿನ ಒಂದೊಂದು ಜಾಗಕ್ಕೂ ಎಷ್ಟು ಲಕ್ಸ್ ಅಂತ ತೋರಿಸುತ್ತದೆ. ಆ ಫೈಲಿನಲ್ಲಿ ಇರುವುದು ಲ್ಯಾಬಿನಲ್ಲಿ ಅಳೆದ ಲೆಕ್ಕ, ಆ ಲೈಟು ಯಾವ ದಿಕ್ಕಿಗೆ ಎಷ್ಟು ಬೆಳಕು ಬಿಡುತ್ತದೆ ಅಂತ.

ಇತ್ತೀಚಿನ ವರ್ಷಗಳಲ್ಲಿ ಈ ಸಾಫ್ಟ್‌ವೇರುಗಳು ತುಂಬಾ ಬೆಳೆದಿವೆ. ಆರ್ಕಿಟೆಕ್ಟ್ ಮಾಡಿದ ಕಟ್ಟಡದ ಮಾದರಿಯನ್ನು ಐಎಫ್‌ಸಿ ಫೈಲಾಗಿ ಹಾಗೇ ಒಳಗೆ ತರಬಹುದು, ಮತ್ತೆ ಗೋಡೆ ಕಿಟಕಿ ಬರೆಯುತ್ತಾ ಕೂರಬೇಕಿಲ್ಲ. ಒಬ್ಬ ಮನುಷ್ಯ ಎಲ್ಲಿ ಕೂತು ಯಾವ ಕಡೆ ನೋಡುತ್ತಾನೆ ಅಂತ ಗುರುತು ಹಾಕಿದರೆ ಅಲ್ಲಿಗೆ ಎಷ್ಟು ಕಣ್ಣು ಕುಕ್ಕುತ್ತದೆ ಅನ್ನುವುದಕ್ಕೂ ಒಂದು ಅಂಕಿ ಬರುತ್ತದೆ. ಅದನ್ನು ಯುಜಿಆರ್ ಅನ್ನುತ್ತಾರೆ, ಓದುವ ಕಡೆ 19 ದಾಟಬಾರದು. ವರ್ಷಕ್ಕೆ ಎಷ್ಟು ಕರೆಂಟು ಹೋಗುತ್ತದೆ ಅಂತಲೂ ಲೆಕ್ಕ ಸಿಗುತ್ತದೆ.

ಆ ವಾಚನಾಲಯದ ಕೋಣೆಯನ್ನು ನಾನು ಒಂದು ಸಂಜೆ ಕೂತು ಬರೆದೆ. ಮೊದಲು ಸಾಫ್ಟ್‌ವೇರಿನಲ್ಲಿ ತಾನಾಗೇ ಬರುವ ಅಂಕಿಗಳನ್ನೇ ಬಿಟ್ಟೆ. ಸೀಲಿಂಗ್ 70, ಗೋಡೆ 50, ನೆಲ 20. ಅಂದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಅಷ್ಟು ಪಾಲು ವಾಪಸ್ ಚಿಮ್ಮುತ್ತದೆ ಅಂತ. ಗೋಡೆಬದಿ ಮೇಜಿಗೆ 170 ಅಂತ ತೋರಿಸಿತು. ನನ್ನ ಮೀಟರಿನಲ್ಲಿ ಬಂದಿದ್ದು 110. ಯಾಕೆ ಅಂತ ಯೋಚಿಸಿದಾಗ ನೆನಪಾಯಿತು, ಗೋಡೆಗೆ ನಾಲ್ಕು ಅಡಿ ತನಕ ಕಡು ಹಸಿರು ಎಣ್ಣೆ ಬಣ್ಣ ಬಳಿದಿದ್ದಾರೆ, ಅದರ ಮೇಲೆ ಕಪ್ಪು ಮರದ ಪುಸ್ತಕದ ಕಪಾಟುಗಳು. ಅವು ಬೆಳಕನ್ನೆಲ್ಲ ಕುಡಿದುಬಿಡುತ್ತವೆ. ಅದನ್ನು ಸರಿಯಾಗಿ ತುಂಬಿದ ಮೇಲೆ 120 ಬಂತು, ಮೀಟರಿಗೂ ಲೆಕ್ಕಕ್ಕೂ ಹೆಚ್ಚುಕಡಿಮೆ ತಾಳೆಯಾಯಿತು. ಆಮೇಲೆ ಅದೇ 12 ಲೈಟುಗಳನ್ನು, ಒಂದೂ ಜಾಸ್ತಿ ಮಾಡದೆ, ನಡುವಿನಿಂದ ತೆಗೆದು ಮೇಜುಗಳ ಮೇಲಕ್ಕೆ ಸರಿಸಿದೆ. ಮೇಜಿನ ಮೇಲೆ 330 ಬಂತು, ನಡುವಿನ ದಾರಿಗೂ ಸಾಕಷ್ಟು ಉಳಿಯಿತು. ಅದೇ ಲೈಟು, ಅದೇ ಕರೆಂಟು. ಕಟ್ಟುವ ಮೊದಲೇ ಯಾರಾದರೂ ಒಂದು ಸಂಜೆ ಕೂತಿದ್ದರೆ ಆಗಿಹೋಗುತ್ತಿತ್ತು. ಈ ಹಾಳೆ ತೆಗೆದುಕೊಂಡು ಸಂಬಂಧಪಟ್ಟವರ ಹತ್ತಿರ ಹೋದೆ. ಬಿಲ್ ಪಾಸಾಗಿದೆ, ಈಗ ಸೀಲಿಂಗ್ ಬಿಚ್ಚೋಕೆ ಆಗಲ್ಲ ಅಂದರು.

ಈಗ ಹಗಲಿನ ಬೆಳಕಿನ ವಿಷಯಕ್ಕೆ ಬರುತ್ತೇನೆ. ನನಗೆ ಇದೇ ಮುಖ್ಯ ಅನಿಸುತ್ತದೆ.

ನಮ್ಮಲ್ಲಿ ಜೂನ್‌ನಿಂದ ಮೂರು ತಿಂಗಳು ಸೂರ್ಯನ ಮುಖ ಕಾಣುವುದೇ ಅಪರೂಪ. ಜಡಿಮಳೆ ಹಿಡಿದರೆ ಕರೆಂಟೂ ಹೋಗುತ್ತದೆ. ಒಂದು ಮರ ಲೈನಿನ ಮೇಲೆ ಬಿದ್ದರೆ ಸಾಕು, ದಿನಗಟ್ಟಲೆ ಇರುವುದಿಲ್ಲ. ಆಗ ಶಾಲೆಯ ಕೋಣೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಬೋರ್ಡ್ ಕಾಣುವುದಿಲ್ಲ. ಪೂರ್ತಿ ಮೋಡ ಮುಚ್ಚಿದ ಆಕಾಶದಲ್ಲಿ ಬೆಳಕು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬೆಳಕಿನ ಲೆಕ್ಕಕ್ಕೆ ಜಗತ್ತಿನಲ್ಲೆಲ್ಲ ಬಳಸುವ ಮೋಡದ ಆಕಾಶದ ಮಾದರಿಯಲ್ಲಿ ನೆತ್ತಿಯ ಮೇಲಿನ ಆಕಾಶ ದಿಗಂತದ ಅಂಚಿಗಿಂತ ಮೂರು ಪಟ್ಟು ಹೊಳೆಯುತ್ತದೆ. ನಾವು ಕಟ್ಟುವ ಕಟ್ಟಡ ನೋಡಿ. ಮೇಲೆ ಆರ್‌ಸಿಸಿ, ಪಕ್ಕದಲ್ಲಿ ಮಾತ್ರ ಕಿಟಕಿ. ಮಳೆ ಎರಚಲು ಹೊಡೆಯಬಾರದು ಅಂತ ಕಿಟಕಿಗೆ ದೊಡ್ಡ ಸಜ್ಜಾ, ಅದು ಬೇಕೇ ಬೇಕು, ತಪ್ಪಲ್ಲ. ಆದರೆ ಆ ಸಜ್ಜಾ ಮುಚ್ಚುವುದು ಆಕಾಶದ ಹೆಚ್ಚು ಬೆಳಕಿರುವ ಭಾಗವನ್ನೇ. ಉಳಿದಿದ್ದು ಕೆಳಗಿನ ಮಂಕು ಭಾಗ, ಅದಕ್ಕೂ ಅಡ್ಡಲಾಗಿ ಸಿಲ್ವರ್ ಓಕ್ ಮರ ಅಥವಾ ಪಕ್ಕದ ಗೋಡೆ.

ನಮ್ಮ ಹಿರಿಯರು ಹೆಂಚಿನ ಮಾಡಿನಲ್ಲಿ ಅಲ್ಲಲ್ಲಿ ಒಂದು ಗಾಜಿನ ಹೆಂಚು ಇಡುತ್ತಿದ್ದರು, ಮನೆಯ ನಡುವೆ ತೊಟ್ಟಿ ಬಿಡುತ್ತಿದ್ದರು. ಮೂಡಿಗೆರೆ ಹತ್ತಿರದ ನಮ್ಮಜ್ಜಿ ಮನೆಯ ಅಡುಗೆಮನೆಯಲ್ಲಿ ಎರಡೇ ಎರಡು ಗಾಜಿನ ಹೆಂಚು ಇದ್ದವು. ಆಷಾಢದ ಮಳೆಯಲ್ಲೂ ಅಜ್ಜಿ ಅದರ ಕೆಳಗೆ ಕೂತು ಮೊರ ಇಟ್ಟುಕೊಂಡು ಅಕ್ಕಿಯ ಕಲ್ಲು ಆರಿಸುತ್ತಿದ್ದರು, ಪಕ್ಕದ ಕಿಟಕಿಯ ಹತ್ತಿರ ಹೋಗುತ್ತಿರಲಿಲ್ಲ. ಯಾಕೆ ಅಂತ ನನಗೆ ಅರ್ಥ ಆಗಿದ್ದು ಆ ಮಾಡನ್ನು ಸಾಫ್ಟ್‌ವೇರಿನಲ್ಲಿ ಬರೆದು ಮೋಡದ ಆಕಾಶ ಕೊಟ್ಟು ನೋಡಿದಾಗ. ಆ ಎರಡು ಹೆಂಚಿನ ಕೆಳಗೆ ಪರದೆಯ ಮೇಲೆ ಹಳದಿ ಬಣ್ಣದ ಒಂದು ಗುಂಡನೆ ಮಚ್ಚೆ ಬಂತು, ಸರಿಯಾಗಿ ಅಜ್ಜಿ ಕೂರುತ್ತಿದ್ದ ಜಾಗದಲ್ಲಿ.

ಈ ಲೆಕ್ಕಕ್ಕೆ ಡೇಲೈಟ್ ಫ್ಯಾಕ್ಟರ್ ಅನ್ನುತ್ತಾರೆ. ಹೊರಗಿನ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ಒಳಗೆ ಬಂತು ಅಂತ. ಹೊರಗೆ ಮೋಡದ ದಿನ 10,000 ಲಕ್ಸ್ ಇದ್ದು, ಒಳಗೆ ನೂರಕ್ಕೆ 2 ಬಂದರೆ 200 ಲಕ್ಸ್. ಕರೆಂಟು ಹೋದರೂ ಪಾಠ ನಿಲ್ಲುವುದಿಲ್ಲ. ಇನ್ನೂ ಮುಂದೆ ಹೋಗಿ, ಹವಾಮಾನದ ಫೈಲು ಹಾಕಿದರೆ ವರ್ಷದ 8,760 ಗಂಟೆಗೂ ಲೆಕ್ಕ ಕೊಡುವಂಥ ಸಾಫ್ಟ್‌ವೇರುಗಳೂ ಬಂದಿವೆ. ಎಷ್ಟು ಗಂಟೆ ಲೈಟು ಹಾಕದೆ 300 ಲಕ್ಸ್ ಸಿಗುತ್ತದೆ, ಎಲ್ಲಿ ಬಿಸಿಲು ಸೀದಾ ಬಂದು ಹೊಡೆಯುತ್ತದೆ, ಎಲ್ಲ ಗೊತ್ತಾಗುತ್ತದೆ. ಇದರಲ್ಲಿ ಊರು ಸರಿಯಾಗಿ ಕೊಡಬೇಕು. ನಾವು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೆ ಇರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ ಅನ್ನುವುದು ಯುರೋಪಿನ ಮಾತು, ಇಲ್ಲಿಗೆ ಹೊಂದುವುದಿಲ್ಲ.

ಒಂದು ಎಚ್ಚರಿಕೆ ಹೇಳಬೇಕು. ಈ ಸಾಫ್ಟ್‌ವೇರುಗಳಿಂದ ಫೋಟೋ ತರಹದ ಚೆಂದದ ಚಿತ್ರಗಳೂ ಬರುತ್ತವೆ. ಲೈಟು ಮಾರುವವರು ಅದನ್ನೇ ತೋರಿಸಿ ಒಪ್ಪಿಸಿಬಿಡುತ್ತಾರೆ. ಚಿತ್ರ ನೋಡಿ ಮರುಳಾಗಬೇಡಿ, ಅಂಕಿ ಕೇಳಿ. ಗೋಡೆಯಿಂದ ನೂರಕ್ಕೆ ಎಷ್ಟು ಬೆಳಕು ವಾಪಸ್ ಚಿಮ್ಮುತ್ತದೆ ಅಂತ ಹಾಕಿದ್ದೀರಿ, ಧೂಳು ಕೂತು ಲೈಟು ಹಳೆಯದಾಗುವುದಕ್ಕೆ ಎಷ್ಟು ಕಳೆದಿದ್ದೀರಿ ಅಂತ ಕೇಳಿ. ಎಲ್ಲರೂ ಸುಮ್ನೆ 0.8 ಅಂತ, ಅಂದರೆ ನೂರಕ್ಕೆ 20 ಮಾತ್ರ ಕಳೆದು, ಬಿಟ್ಟುಬಿಡುತ್ತಾರೆ. ನಮ್ಮ ಮಳೆಗಾಲದಲ್ಲಿ ದೀಪದ ಹುಳ ಬಂದು ಲೈಟಿನ ಬಿಳಿ ಮುಚ್ಚಳದ (ಡಿಫ್ಯೂಸರ್) ಒಳಗೆ ಸತ್ತು ಬಿದ್ದಿರುತ್ತವೆ, ವರ್ಷಗಟ್ಟಲೆ ಯಾರೂ ಒರೆಸುವುದಿಲ್ಲ, ಅಂಥ ಕಡೆ ಅಷ್ಟು ಕಳೆದರೆ ಸಾಲುವುದಿಲ್ಲ. ಯಾವ ಲೈಟಿನ ಫೈಲು ಹಾಕಿ ಲೆಕ್ಕ ಮಾಡಿದರೋ ಅದೇ ಲೈಟು ಮೇಲೆ ಹತ್ತಬೇಕು. ಲೆಕ್ಕ ಒಂದರದ್ದು, ಹಾಕುವುದು ಇನ್ನೊಂದು ಅಗ್ಗದ್ದು ಆದರೆ ಆ ಹಾಳೆಗೆ ಬೆಲೆಯೇ ಇಲ್ಲ.

ನಾನು ಕೇಳುವುದು ಇಷ್ಟು. ನಮ್ಮ ಜಿಲ್ಲೆಯಲ್ಲಾಗಲಿ ಪಕ್ಕದ ಹಾಸನದಲ್ಲಾಗಲಿ, ಸರ್ಕಾರದ ದುಡ್ಡಿನಲ್ಲಿ ಶಾಲೆ ಕೋಣೆ, ವಾಚನಾಲಯ, ಆಸ್ಪತ್ರೆ ಕಟ್ಟುವಾಗ ಎಸ್ಟಿಮೇಟಿನ ಜೊತೆ ಈ ಬೆಳಕಿನ ಲೆಕ್ಕದ ಹಾಳೆಯನ್ನೂ ಇಡಬೇಕು. ಅದರಲ್ಲಿ ರಾತ್ರಿಯ ಲೆಕ್ಕ ಒಂದು, ಮಳೆಗಾಲದ ಹಗಲಿನ ಲೆಕ್ಕ ಒಂದು ಇರಲಿ. ಕೆಲಸ ಮುಗಿದ ಮೇಲೆ ಕೊನೆಯ ಬಿಲ್ ಕೊಡುವ ಮೊದಲು ಮೇಜಿನ ಎತ್ತರಕ್ಕೆ ಲಕ್ಸ್ ಮೀಟರ್ ಇಟ್ಟು ಅಳೆದು, ಆ ಅಂಕಿಗಳನ್ನು ಬಾಗಿಲ ಹತ್ತಿರ ಅಂಟಿಸಲಿ. ಮೊಬೈಲ್ ಆ್ಯಪ್‌ನಲ್ಲಿ ಅಳೆದರೆ ಆಗದು, ಒಂದೊಂದು ಫೋನು ಒಂದೊಂದು ಹೇಳುತ್ತದೆ. ಇದಕ್ಕೆ ಜನ ಇಲ್ಲ ಅನ್ನುವ ಮಾತು ಬೇಡ. ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ, ನಮ್ಮಲ್ಲಿ ಆದಿಚುಂಚನಗಿರಿ ಎಂಜಿನಿಯರಿಂಗ್ ಕಾಲೇಜು, ಎಐಟಿ ಇದೆ. ಕೊನೆಯ ವರ್ಷದ ಮಕ್ಕಳಿಗೆ ಪ್ರಾಜೆಕ್ಟಾಗಿ ಕೊಟ್ಟರೆ ಊರಿನ ಒಂದೊಂದು ಶಾಲೆಯನ್ನೂ ಅವರೇ ಅಳೆದು ಲೆಕ್ಕ ಹಾಕಿ ಕೊಡುತ್ತಾರೆ.

ನಾನು ಮಾಡಿದ ಆ ವಾಚನಾಲಯದ ಲೆಕ್ಕ ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಸೀಲಿಂಗ್ ಬಿಚ್ಚುವುದು ಬೇಡ ಅಂದರೆ ಬೇಡ, ಆ ಹಸಿರು ಬಣ್ಣದ ಮೇಲೆ ಬಿಳಿ ಬಳಿದು, ಮೇಜುಗಳನ್ನು ಗೋಡೆಯಿಂದ ಎಳೆದು ಲೈಟಿನ ಕೆಳಗೆ ಹಾಕಿದರೂ ಅರ್ಧ ಕಷ್ಟ ತೀರುತ್ತದೆ, ಅದರ ಲೆಕ್ಕವನ್ನೂ ಹಾಕಿಟ್ಟಿದ್ದೇನೆ. ಯಾರು ಕೇಳಿದರೂ ಕೊಡುತ್ತೇನೆ. ಭಾನುವಾರ ಕರೆದರೆ ಮೇಜು ಎಳೆಯಲು ನಾನೂ ನನ್ನ ಜೊತೆಯ ಇಬ್ಬರು ಹುಡುಗರೂ ಬರುತ್ತೇವೆ.

ಇಂತಿ,
ಒಬ್ಬ ಓದುಗ, ಎಲೆಕ್ಟ್ರಿಕಲ್ ಕೆಲಸಗಾರ
ಚಿಕ್ಕಮಗಳೂರು