ಮೊದಲು ಅಟ್ಟ ನೋಡಿಸು, ಆಮೇಲೆ ಪ್ರೀಮಿಯಂ ಕಟ್ಟು

ಟಾಂಪಾ, ಫ್ಲೋರಿಡಾ

ಚಿ. ಸೌ. ಸ್ಮಿತಾಳಿಗೆ ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮನೆ ಇನ್ಶೂರೆನ್ಸಿನ ರಿನ್ಯೂವಲ್ ಕಾಗದ ನೋಡಿ ನಿನಗೆ ತಲೆ ತಿರುಗಿತು ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಫ್ಲೋರಿಡಾದಲ್ಲಿ ಮನೆ ಕೊಂಡವರಲ್ಲಿ ತಲೆ ತಿರುಗದವರು ಯಾರಿದ್ದಾರೆ, ಬಿಡು. ಆದರೆ ಏಜೆಂಟ್ ಹೇಳಿದ ಮೊತ್ತವನ್ನು ಸುಮ್ನೆ ಕಟ್ಟಿಬಿಡಬೇಡ. ಪಾಲಿಸಿಯ ಮೊದಲ ಪುಟಗಳಲ್ಲಿ ವಿಂಡ್ ಕ್ರೆಡಿಟ್ ಅಂತ, ಅಂದರೆ ಗಾಳಿ ತಡೆಯುವ ಮನೆಗೆ ಕೊಡುವ ರಿಯಾಯಿತಿ, ಏನಾದರೂ ಇದೆಯಾ ನೋಡು. ಇಲ್ಲದಿದ್ದರೆ ವಿಂಡ್ ಮಿಟಿಗೇಶನ್ ಇನ್‌ಸ್ಪೆಕ್ಷನ್ ಮಾಡಿಸು. ಮನೆ ಬಿರುಗಾಳಿಯನ್ನು ಎಷ್ಟು ತಡೆಯುತ್ತದೆ ಅಂತ ನೋಡಿ ಒಂದು ಫಾರ್ಮ್ ತುಂಬಿಕೊಡುತ್ತಾರೆ. 100–150 ಡಾಲರ್ ಖರ್ಚಿನ ಕೆಲಸ.

ಕೊಳ್ಳುವಾಗಲೇ ಇನ್‌ಸ್ಪೆಕ್ಷನ್ ಆಗಿದೆಯಲ್ಲ ಅನ್ನಬೇಡ, ಅದು ಬೇರೆ. ಸೂರು, ಕರೆಂಟು, ಪೈಪು, ಏಸಿ ನೋಡುವ ಫೋರ್ ಪಾಯಿಂಟ್ ಅನ್ನುವುದೂ ಬೇರೆ. ಹಳೇ ಮನೆಗೆ ಪಾಲಿಸಿ ಕೊಡಬೇಕೋ ಬೇಡವೋ ಅಂತ ಕಂಪನಿಯವರು ಲೆಕ್ಕ ಹಾಕುವುದಕ್ಕೆ ಅದು. ಈ ಗಾಳಿಯ ಇನ್‌ಸ್ಪೆಕ್ಷನ್ ನಿನ್ನ ಲಾಭಕ್ಕೆ. ಗಾಳಿ ತಡೆಯುವ ಮನೆಗೆ ರಿಯಾಯಿತಿ ಕೊಡಲೇಬೇಕು ಅಂತ ಇಲ್ಲಿ ಕಾನೂನೇ ಇದೆ.

1992ರ ಆಗಸ್ಟಿನಲ್ಲಿ ಆಂಡ್ರೂ ಚಂಡಮಾರುತ ಹೋಮ್‌ಸ್ಟೆಡ್ ಕಡೆ ಮನೆಮನೆಯ ಸೂರು ಕಿತ್ತು ಒಗೆಯಿತು. ಕಟ್ಟಡದ ನಿಯಮ ಬಿಗಿಯಾದದ್ದೇ ಆಮೇಲೆ. 2002ರ ಮಾರ್ಚ್ 1ರಿಂದ ಇಡೀ ರಾಜ್ಯಕ್ಕೆ ಒಂದೇ ಕೋಡ್ ಬಂತು. ನಿಮ್ಮ ಮನೆ ಅದಕ್ಕಿಂತ ಹಳೆಯದು. ಕಟ್ಟಿದ ವರ್ಷ ನೋಡಿ ನಿನಗೆ ಯಾರೂ ರಿಯಾಯಿತಿ ಕೊಡುವುದಿಲ್ಲ. ಇರುವುದನ್ನೆಲ್ಲ ಒಂದೊಂದಾಗಿ ತೋರಿಸಿಯೇ ಪಡೆಯಬೇಕು.

ಅದರಲ್ಲಿ ಮುಖ್ಯವಾದದ್ದು ಅಟ್ಟದಲ್ಲಿದೆ. ಬಿರುಗಾಳಿ ಸೂರನ್ನು ಕೆಳಕ್ಕೆ ಒತ್ತುವುದಕ್ಕಿಂತ ಮೇಲಕ್ಕೆ ಎಳೆಯುವುದೇ ಜಾಸ್ತಿ. ಕಿಟಕಿಯೋ ಗರಾಜ್ ಬಾಗಿಲೋ ಒಡೆದರೆ ಒಳಗೆ ನುಗ್ಗಿದ ಗಾಳಿಯೂ ಕೆಳಗಿನಿಂದ ಎತ್ತುತ್ತದೆ. ಆಗ ಸೂರಿನ ಮರವನ್ನು ಗೋಡೆಗೆ ಯಾವುದು ಹಿಡಿದಿಟ್ಟಿದೆ ಅನ್ನುವುದೇ ಪ್ರಶ್ನೆ. ಕೆಲವು ಮನೆಗಳಲ್ಲಿ ಬರೀ ಓರೆಯಾಗಿ ಹೊಡೆದ ಮೊಳೆ, ಟೋ ನೇಲ್ ಅಂತಾರೆ. ಅದಕ್ಕಿಂತ ಲೋಹದ ಕ್ಲಿಪ್ ಮೇಲು. ಅದಕ್ಕಿಂತ ಮೇಲು ಮರದ ಮೇಲಿಂದ ಬಳಸಿ ಆ ಪಕ್ಕಕ್ಕೂ ಮೊಳೆ ಹೊಡೆದ ಪಟ್ಟಿ, ಅದು ರ್‍ಯಾಪ್. ಕ್ಲಿಪ್ಪಿಗೆ ಕನಿಷ್ಠ 3 ಮೊಳೆ ಇರಬೇಕು. ಎರಡೇ ಇದ್ದರೆ ಫಾರ್ಮಿನಲ್ಲಿ ಅದು ಟೋ ನೇಲ್ ಲೆಕ್ಕಕ್ಕೇ ಹೋಗುತ್ತದೆ. ಒಂದು ಮೊಳೆ ಹೆಚ್ಚು ಹೊಡೆಸಿಕೊಂಡು ರಿಯಾಯಿತಿ ಪಡೆದವರಿದ್ದಾರೆ, ನಗಬೇಡ. ಸೂರಿನ ಹಲಗೆಗೆ ಎಷ್ಟು ಉದ್ದದ ಮೊಳೆ, ಎಷ್ಟು ದೂರಕ್ಕೊಂದು ಅನ್ನುವುದನ್ನೂ ಅಲ್ಲೇ ಅಳೆಯುತ್ತಾರೆ. ಎಲ್ಲದಕ್ಕೂ ಫೋಟೋ ಬೇಕು. ಆದ್ದರಿಂದ ಅಟ್ಟದ ಬಾಯಿಯ ಕೆಳಗೆ ಪೇರಿಸಿದ ಸೂಟ್‌ಕೇಸುಗಳನ್ನು ಮೊದಲೇ ತೆಗೆಸಿಡು. ಅಟ್ಟ ಹತ್ತದೆ ಕೆಳಗೇ ನಿಂತು ಫಾರ್ಮ್ ತುಂಬುವವನಿಗೆ ದುಡ್ಡು ಕೊಡಬೇಡ.

ಸೂರಿನ ಆಕಾರದಲ್ಲಿ ನೀನು ಅದೃಷ್ಟವಂತೆ. ನೀನು ಕಳಿಸಿದ ಫೋಟೋದಲ್ಲಿ ನಾಲ್ಕೂ ಕಡೆ ಇಳಿಜಾರು ಕಂಡಿತು. ಅದು ಹಿಪ್ ರೂಫ್, ಗಾಳಿಗೆ ಒಳ್ಳೆಯದು. ಮುಂಬಾಗಿಲ ಮೇಲೆ ಒಂದು ಸಣ್ಣ ತ್ರಿಕೋನದ ಗೋಡೆ ಇದೆ. ಅಂಥದ್ದೆಲ್ಲ ಸೇರಿ ಸೂರಿನ ಸುತ್ತಳತೆಯಲ್ಲಿ ಶೇ. 10 ದಾಟದಿದ್ದರೆ ತೊಂದರೆಯಿಲ್ಲ. ಹಳೇ ಮಾಲೀಕರು ಸೂರಿನ ಹೊದಿಕೆಯ ಶಿಂಗಲ್ ಬದಲಿಸಿದ್ದಾರೆ ಅಂದಿದ್ದೆ ಅಲ್ವಾ? ಕೌಂಟಿಯಲ್ಲಿ ಅದರ ಪರ್ಮಿಟ್ ಹುಡುಕಿ ಪ್ರಿಂಟ್ ತೆಗೆದಿಡು.

ಕಿಟಕಿ ಮಾರುವವರು ಬಾಗಿಲು ತಟ್ಟುತ್ತಾರೆ, ಹುಷಾರು. ಇಲ್ಲಿ ಲೆಕ್ಕ ವಿಚಿತ್ರ. ಹಾಲ್‌ನ ಕಿಟಕಿಗಳಿಗೆಲ್ಲ ಇಂಪ್ಯಾಕ್ಟ್ ಗಾಜು, ಅಂದರೆ ಹಾರಿಬಂದದ್ದು ಬಡಿದರೂ ತಡೆಯುವ ಗಾಜು, ಹಾಕಿಸಿ ಬಚ್ಚಲಮನೆಯ ಒಂದು ಕಿಟಕಿ ಬಿಟ್ಟರೂ ಫಾರ್ಮಿನ ಆ ಸಾಲಿನ ಪೂರ್ತಿ ರಿಯಾಯಿತಿ ಸಿಗುವುದಿಲ್ಲ. ಎಲ್ಲಕ್ಕಿಂತ ದುರ್ಬಲವಾದದ್ದನ್ನೇ ಎಣಿಸುತ್ತಾರೆ. ಮಾಡಿಸಿದರೆ ಎಲ್ಲಾ ಮಾಡಿಸಬೇಕು, ಗರಾಜ್ ಬಾಗಿಲೂ ಸೇರಿ. ಅದಕ್ಕೆ ಮೊದಲು ರಾಜ್ಯದ ಮೈ ಸೇಫ್ ಫ್ಲೋರಿಡಾ ಹೋಮ್ ಯೋಜನೆಗೆ ಅರ್ಜಿ ಹಾಕಿ ನೋಡು. ಅವರ ತಪಾಸಣೆ ಉಚಿತ. ಧನಸಹಾಯಕ್ಕೆ ಆಯ್ಕೆಯಾದರೆ ನೀನು ಹಾಕುವ ಒಂದು ಡಾಲರಿಗೆ ಅವರು ಎರಡು ಹಾಕುತ್ತಾರೆ, 10,000 ಡಾಲರ್‌ವರೆಗೆ. ಯಾರಿಗೆ ಕೊಡುತ್ತಾರೆ ಅನ್ನುವ ನಿಯಮ ಆಗಾಗ ಬದಲಾಗುತ್ತದೆ, ಹಣ ಮುಗಿದರೆ ಬಾಗಿಲೂ ಮುಚ್ಚುತ್ತದೆ. ಒಪ್ಪಿಗೆ ಬರುವ ಮೊದಲು ಕೆಲಸ ಶುರು ಮಾಡಿಸಬೇಡ, ಆಮೇಲೆ ಒಂದು ಕಾಸೂ ಸಿಗುವುದಿಲ್ಲ.

ಇಲ್ಲದ ಕ್ಲಿಪ್ಪನ್ನು ಇದೆ ಅಂತ ಬರೆದುಕೊಡುವವರೂ ಸಿಗಬಹುದು. ಒಪ್ಪಬೇಡ. ಕಂಪನಿ ತನ್ನವರನ್ನು ಕಳಿಸಿ ಮತ್ತೆ ನೋಡಿಸಬಹುದು. ಗೊತ್ತಿದ್ದೂ ಸುಳ್ಳು ಫಾರ್ಮ್ ಕೊಡುವುದು ಇಲ್ಲಿ ಅಪರಾಧ.

ರಿಯಾಯಿತಿ ಸಿಗುವುದು ಪ್ರೀಮಿಯಂನಲ್ಲಿ ಗಾಳಿಯ ಭಾಗಕ್ಕೆ ಮಾತ್ರ, ಪೂರ್ತಿ ಮೊತ್ತಕ್ಕಲ್ಲ. ಯಾರಾದರೂ ಅರ್ಧಕ್ಕರ್ಧ ಇಳಿಯುತ್ತೆ ಅಂದರೆ ಯಾವುದರಲ್ಲಿ ಅರ್ಧ ಅಂತ ಕೇಳು. ಏಜೆಂಟ್ ಇನ್ನೊಂದು ದಾರಿ ಹೇಳಬಹುದು: ಹರಿಕೇನ್ ಡಿಡಕ್ಟಿಬಲ್, ಅಂದರೆ ಚಂಡಮಾರುತದ ಹಾನಿಯಲ್ಲಿ ಮೊದಲು ನಾವೇ ಹಾಕಬೇಕಾದ ಪಾಲು, ಏರಿಸಿದರೆ ಪ್ರೀಮಿಯಂ ಇಳಿಯುತ್ತೆ ಅಂತ. ನಿಜವೇ. ಆದರೆ ಮನೆಗೆ 4,00,000 ಡಾಲರ್ ವಿಮೆ ಇದ್ದರೆ ಶೇ. 2 ಅಂದರೆ 8,000, ಶೇ. 10 ಅಂದರೆ 40,000 ಡಾಲರ್. ಸೂರು ಹಾರಿದ ದಿನ ಅಷ್ಟನ್ನು ನೀವು ಕೈಯಿಂದ ಹಾಕಬೇಕು. ನನ್ನ ಮಾತು ಕೇಳಿದರೆ ಅದನ್ನು ಶೇ. 2ರಲ್ಲೇ ಬಿಡು. ಇನ್‌ಸ್ಪೆಕ್ಷನ್‌ನಿಂದ ಉಳಿದ ಹಣವನ್ನು ಆ 8,000ಕ್ಕೆ ಅಂತ ಬೇರೆ ಖಾತೆಯಲ್ಲಿ ಕೂಡಿಡು.

ಇನ್ನೊಂದು ವಿಷಯ ಅಳಿಯಂದಿರಿಗೂ ಹೇಳು. ಮನೆ ವಿಮೆಯಲ್ಲಿ ನೆರೆ ನೀರಿನ ಹಾನಿ ಸೇರಿರುವುದಿಲ್ಲ. ಅದಕ್ಕೆ ಫ್ಲಡ್ ಪಾಲಿಸಿ ಬೇರೆ ತೆಗೆದುಕೊಳ್ಳಬೇಕು. ಸರ್ಕಾರದ್ದಾದರೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಚಂಡಮಾರುತದ ಕಾಲ ಜೂನ್ 1ಕ್ಕೆ ಶುರು, ಹಾಗಾಗಿ ಏಪ್ರಿಲ್ ಮುಗಿಯುವುದರೊಳಗೆ ಎರಡೂ ಕೆಲಸ ಮುಗಿಸಿಬಿಡಿ. ಗಾಳಿಯ ಫಾರ್ಮ್, ಮನೆಯಲ್ಲಿ ದೊಡ್ಡ ಬದಲಾವಣೆ ಮಾಡದಿದ್ದರೆ, 5 ವರ್ಷ ನಡೆಯುತ್ತದೆ. ಕೈಗೆ ಬಂದ ಮೇಲೆ ಏಜೆಂಟಿಗೆ ಕಳಿಸುವ ಮುಂಚೆ ನನಗೊಂದು ಪ್ರತಿ ಕಳಿಸು, ಸಾಲುಸಾಲಾಗಿ ನೋಡಿಕೊಡುತ್ತೇನೆ.

ಇತಿ ನಿನ್ನ ಪ್ರೀತಿಯ
ಚಿಕ್ಕಮ್ಮ